ಜೆರುಸಲೇಮ್ ತಲುಪದ ದಂಡಯಾತ್ರೆ

ನಾಲ್ಕು ಪದಗಳ ಒಂದು ಲ್ಯಾಟಿನ್ ವಾಕ್ಯವಿದೆ: ಇನ್ ಹೋಕ್ ಸಿನ್ಯೋ ವಿಂಚೆಸ್. ‘ಈ ಗುರುತಿನಿಂದ ನೀನು ಗೆಲ್ಲುವೆ’ ಎಂದರ್ಥ. 2013ರಲ್ಲಿ ರೋಮ್‌ನ ಆರು ಹುಡುಗರು ತಮ್ಮ ಮೊದಲ ಆಲ್ಬಂಗೆ ಹೆಸರಿಡುವಾಗ ಮೂರು ಪದಗಳನ್ನಷ್ಟೇ ಇಟ್ಟುಕೊಂಡರು. ‘ಇನ್ ಹೋಕ್ ಸಿನ್ಯೋ’, ಅಂದರೆ ‘ಈ ಗುರುತಿನಿಂದ’. ಗೆಲುವಿನ ಪದ ಹೊರಗುಳಿಯಿತು. ಈ ವಾಕ್ಯವನ್ನು ಹೀಗೆ ಅರ್ಧಕ್ಕೆ ನಿಲ್ಲಿಸಿ ಹೇಳುವುದು ಯುರೋಪಿನಲ್ಲಿ ರೂಢಿಯೇ, ನಮ್ಮಲ್ಲಿ ಗಾದೆಯ ಮೊದಲರ್ಧ ಹೇಳಿ ಸುಮ್ಮನಾಗುತ್ತಾರಲ್ಲ, ಹಾಗೆ. ಆದರೆ ಆಲ್ಬಂ ಪೂರ್ತಿ ಕೇಳಿದ ಮೇಲೆ, ಆ ಕೊನೆಯ ಪದ ಇಲ್ಲದಿರುವುದು ರೂಢಿಯಿಂದಷ್ಟೇ ಅಲ್ಲ ಅನ್ನಿಸುತ್ತದೆ.

ವಾಕ್ಯದ ಕಥೆ ಮುಟ್ಟುವುದೂ ಇವರ ಊರಿನ ಅಂಚನ್ನೇ. ಕ್ರಿ.ಶ. 312ರ ಅಕ್ಟೋಬರ್ 28ರಂದು ಟೈಬರ್ ನದಿಯ ಮಿಲ್ವಿಯನ್ ಸೇತುವೆಯ ಬಳಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಎದುರಾಳಿ ಮ್ಯಾಕ್ಸೆಂಟಿಯಸ್‌ನನ್ನು ಸೋಲಿಸಿದ. ಮ್ಯಾಕ್ಸೆಂಟಿಯಸ್ ನದಿಯಲ್ಲಿ ಮುಳುಗಿ ಸತ್ತ. ಯುದ್ಧಕ್ಕೆ ಮುಂಚೆ ಚಕ್ರವರ್ತಿಗೆ ಆಕಾಶದಲ್ಲಿ ಶಿಲುಬೆ ಕಂಡಿತು, ಜೊತೆಗೇ ಈ ಮಾತೂ ಕಂಡಿತು ಎಂದು ಬಿಷಪ್ ಯೂಸೇಬಿಯಸ್ ಗ್ರೀಕ್‌ನಲ್ಲಿ ಬರೆದಿಟ್ಟ. ಸೇತುವೆ ಈಗಲೂ ಇದೆ. ಸಾವಿರದ ಏಳುನೂರು ವರ್ಷಗಳ ನಂತರ ಅದೇ ಸೇತುವೆಗೆ ಪ್ರೇಮಿಗಳು ಬೀಗ ಜಡಿದು ಕೀಲಿಯನ್ನು ನದಿಗೆಸೆಯುವ ಹುಚ್ಚು ಹತ್ತಿತು. ಬೀಗಗಳ ಭಾರ ತಾಳಲಾರದೆ 2012ರಲ್ಲಿ ನಗರಾಡಳಿತ ಅವನ್ನೆಲ್ಲ ಕತ್ತರಿಸಿ ತೆಗೆಸಿತು. ಗುರುತುಗಳಿಗೆ ಬರವಿಲ್ಲದ ಊರು ಅದು.

ಹುಡುಗರ ತಂಡದ ಹೆಸರು ಇಂಗ್ರನಾಜ್ಜಿ ದೆಲ್ಲ ವಾಲ್ಲೆ. ಕನ್ನಡಕ್ಕೆ ತಂದರೆ ‘ಕಣಿವೆಯ ಹಲ್ಲುಚಕ್ರಗಳು’. ನಗಬೇಡಿ, ಇಟಲಿಯ ಪ್ರೋಗ್ರೆಸಿವ್ ರಾಕ್‌ನಲ್ಲಿ ಇಂಥ ಹೆಸರುಗಳಿಗೇ ಮರ್ಯಾದೆ. 1970ರ ದಶಕದ ದೊಡ್ಡ ತಂಡವೊಂದರ ಹೆಸರು ‘ಪ್ರಶಸ್ತಿ ವಿಜೇತ ಮಾರ್ಕೋನಿ ಬೇಕರಿ’, ಇನ್ನೊಂದರದ್ದು ‘ಪರಸ್ಪರ ನೆರವಿನ ಬ್ಯಾಂಕ್’. 2010ರಲ್ಲಿ ಕಟ್ಟಿದ ಈ ತಂಡದಲ್ಲಿ ಹಾಡುಗಾರ ಈಗೊರ್ ಲಿಯೋನೆ, ಗಿಟಾರ್‌ಗೆ ಫ್ಲಾವಿಯೊ ಗೊನ್ನೆಲ್ಲಿನಿ, ಪಿಟೀಲಿಗೆ ಮಾರ್ಕೊ ಜೆನ್ನರಿನಿ, ಬೇಸ್‌ಗೆ ಎದೊವಾರ್ದೊ ಅರ್ರಿಗೊ, ಡ್ರಮ್ಸ್‌ಗೆ ಶಾಂತಿ ಕೊಲುಚ್ಚಿ ಎಂಬ ನಮ್ಮ ಕಡೆಯ ಹೆಸರಿನ ಇಟಾಲಿಯನ್, ಕೀಬೋರ್ಡ್‌ಗಳಿಗೆ ಮತ್ತಿಯಾ ಲಿಬೆರಾತಿ. ಲಿಬೆರಾತಿ ಎಂದರೆ ‘ಬಿಡುಗಡೆಯಾದವರು’. ಈ ಮನೆತನದ ಹೆಸರು ನೆನಪಿರಲಿ, ಮುಂದೆ ಒಂದು ತಮಾಷೆಗೆ ಬೇಕು.

ಆಲ್ಬಂನ ವಸ್ತು ಕ್ರುಸೇಡ್, ಅಂದರೆ ಕ್ರೈಸ್ತರ ಧರ್ಮಯುದ್ಧ. 1095ರ ನವೆಂಬರ್‌ನಲ್ಲಿ ಫ್ರಾನ್ಸ್‌ನ ಕ್ಲೆರ್‌ಮಾಂಟ್‌ನಲ್ಲಿ ಪೋಪ್ ಎರಡನೆಯ ಅರ್ಬನ್ ಕರೆ ಕೊಟ್ಟ, ಬಟ್ಟೆಯ ಶಿಲುಬೆಯನ್ನು ಭುಜಕ್ಕೆ ಹೊಲಿದುಕೊಂಡು ಸಾವಿರಾರು ಜನ ಪೂರ್ವಕ್ಕೆ ಹೊರಟರು, 1099ರ ಜುಲೈ 15ರಂದು ಜೆರುಸಲೇಮನ್ನು ಹಿಡಿದರು, ಊರಿನೊಳಗೆ ಕಂಡಕಂಡವರನ್ನು ಕೊಂದರು. ಶಾಲೆಯ ಪುಸ್ತಕದಲ್ಲಿ ಅರ್ಧ ಪುಟದಲ್ಲಿ ಮುಗಿಯುವ ಕಥೆ. ಆಲ್ಬಂನಲ್ಲಿ ಅದು ಹನ್ನೊಂದು ತುಂಡುಗಳಾಗಿದೆ, ಒಂದು ಗಂಟೆ ಮೀರಿ ಓಡುತ್ತದೆ. ತುಂಡುಗಳ ಹೆಸರುಗಳನ್ನು ಸಾಲಾಗಿ ಓದಿದರೆ ಸಾಕು, ಭೂಪಟವೊಂದು ಬಿಚ್ಚಿಕೊಳ್ಳುತ್ತದೆ: ಪೀಠಿಕೆ, ಕುದುರೆ ಸವಾರಿ, ಬಿರುಗಾಳಿಯ ಕಡಲು, ವಿಯಾ ಎಗ್ನಾಶಿಯಾ, ಅಂತಿಯೋಕ್‌ನ ಮುತ್ತಿಗೆ, ಅಮ್ಮಾನ್‌ನಿಂದ ಪಲಾಯನ, ಕೈರುವಾನ್, ಮಸ್ಕತ್, ಜಂಗಲ, ಕಾಲದ ಗಾಳಿ, ಮುಕ್ತಾಯ.

ಇನ್ನೊಮ್ಮೆ ಓದಿ ನೋಡಿ. ಜೆರುಸಲೇಮ್ ಎಲ್ಲಿದೆ?

ಕ್ರುಸೇಡಿನ ಮೇಲೆ ಬಂದ ಆಲ್ಬಂನ ಹಾಡುಪಟ್ಟಿಯಲ್ಲಿ ಕ್ರುಸೇಡಿನ ಗುರಿಯೇ ಇಲ್ಲ. ಮೊದಲರ್ಧ ಇತಿಹಾಸದ ದಾರಿಯಲ್ಲೇ ಸಾಗುತ್ತದೆ. ಮುತ್ತಿಗೆ ಮುಗಿದ ಮೇಲೆ ಎಲ್ಲರೂ ದಕ್ಷಿಣಕ್ಕೆ, ಜೆರುಸಲೇಮಿನತ್ತ ತಿರುಗಬೇಕಾದ ಹೊತ್ತಿಗೆ ‘ಪಲಾಯನ’ ಎಂಬ ಪದ ಬರುತ್ತದೆ. ಅಲ್ಲಿಂದಾಚೆ ಕಥೆ ದಂಡಿನದ್ದಲ್ಲ, ದಾರಿ ತಪ್ಪಿದ ಅಥವಾ ಬೇಕೆಂದೇ ದಾರಿ ಬಿಟ್ಟ ಯಾರೋ ಒಬ್ಬನದ್ದು. ಇದೇ ನನಗೆ ಈ ಆಲ್ಬಂನ ಹಿರಿಮೆ. ಯಾಕೆಂದರೆ ಇಟಲಿ ಈ ಯುದ್ಧವನ್ನು ಸಂಗೀತದಲ್ಲಿ ಹೇಳುತ್ತಿರುವುದು ಇದು ಮೊದಲ ಸಲವಲ್ಲ, ನಾಲ್ಕು ಶತಮಾನಗಳಿಂದ ಹೇಳುತ್ತಲೇ ಇದೆ.

ಮೂಲ ಪುರುಷ ಕವಿ ತೊರ್ಕ್ವಾತೊ ತಾಸ್ಸೊ. ಮೊದಲ ಕ್ರುಸೇಡನ್ನೇ ವಸ್ತುವಾಗಿಸಿಕೊಂಡ ಅವನ ಮಹಾಕಾವ್ಯ ‘ಜೆರುಸಲೆಮ್ಮೆ ಲಿಬೆರಾತಾ’ 1581ರಲ್ಲಿ ಅಚ್ಚಾಯಿತು. ಹೆಸರಿನ ಅರ್ಥ ‘ಬಿಡುಗಡೆಯಾದ ಜೆರುಸಲೇಮ್’. (ಈಗ ಕೀಬೋರ್ಡ್ ನುಡಿಸುವವನ ಮನೆತನದ ಹೆಸರು ನೆನಪಿಸಿಕೊಳ್ಳಿ. ಕಾಕತಾಳೀಯವೇ ಸರಿ, ಆದರೆ ಚೆಂದದ ಕಾಕತಾಳೀಯ.) ಪುಸ್ತಕ ಮನೆಮಾತಾಗುತ್ತಿದ್ದಾಗ ತಾಸ್ಸೊ ಸ್ವತಃ ಫೆರಾರಾದ ಆಸ್ಪತ್ರೆಯೊಂದರಲ್ಲಿ ಹುಚ್ಚನೆಂದು ಬಂಧಿಯಾಗಿದ್ದ. ಏಳು ವರ್ಷ ಅಲ್ಲೇ ಕಳೆದ. ತನ್ನ ಕಾವ್ಯ ಧರ್ಮಕ್ಕೆ ಸಲ್ಲುವುದೋ ಇಲ್ಲವೋ ಎಂಬ ಚಿಂತೆ ಕೊನೆಗೂ ಬಿಡದೆ, ಅದನ್ನು ತಿದ್ದಿ ‘ಗೆದ್ದ ಜೆರುಸಲೇಮ್’ ಎಂಬ ಹೆಸರಿನಲ್ಲಿ 1593ರಲ್ಲಿ ಮತ್ತೆ ಪ್ರಕಟಿಸಿದ. ಅದನ್ನು ಈಗ ಓದುವವರು ಕಡಿಮೆ.

ಆ ಕಾವ್ಯದಿಂದ ಒಂದು ರಾತ್ರಿಯ ಪ್ರಸಂಗವನ್ನು ಎತ್ತಿಕೊಂಡವನು ಸಂಗೀತಗಾರ ಕ್ಲಾಡಿಯೊ ಮೊಂಟೆವರ್ಡಿ. ಕ್ರೈಸ್ತ ವೀರ ತಾಂಕ್ರೆದಿ, ಕವಚ ತೊಟ್ಟ ಶತ್ರುವಿನೊಂದಿಗೆ ಇರುಳಿಡೀ ಕಾದಾಡಿ ಕೊಲ್ಲುತ್ತಾನೆ. ಶಿರಸ್ತ್ರಾಣ ತೆಗೆದರೆ, ಅವನು ಪ್ರೀತಿಸುತ್ತಿದ್ದ ಕ್ಲೊರಿಂದಾ. 1624ರಲ್ಲಿ ವೆನಿಸ್‌ನ ಶ್ರೀಮಂತರ ಮನೆಯೊಂದರಲ್ಲಿ ಇದನ್ನು ಮೊದಲ ಬಾರಿ ಹಾಡಿದರು. ಕಥೆ ಹೇಳುವುದಕ್ಕೆಂದೇ ಒಬ್ಬ ಹಾಡುಗಾರ ಪಕ್ಕದಲ್ಲಿ ನಿಂತಿರುತ್ತಾನೆ. ನಮ್ಮ ಕಣ್ಣಿಗೆ ಅವನು ಥೇಟ್ ಭಾಗವತ. ತಂತಿವಾದ್ಯಗಳು ಮೊದಲು ಕುದುರೆಯ ನಡಿಗೆಯನ್ನು ನುಡಿಸುತ್ತವೆ. ಕಾಳಗ ಕಾವೇರಿದಂತೆ ಒಂದೇ ಸ್ವರವನ್ನು ಕಮಾನಿನಿಂದ ಪಟಪಟನೆ ಮತ್ತೆ ಮತ್ತೆ ಬಾರಿಸುತ್ತವೆ. ಅಲ್ಲಿವರೆಗೆ ಸಂಗೀತಕ್ಕೆ ಮೃದು ಮತ್ತು ಮಧ್ಯಮ ಭಾವಗಳಷ್ಟೇ ಗೊತ್ತಿದ್ದವು, ರೋಷವನ್ನು ತಾನು ಕಂಡುಹಿಡಿದೆ ಎಂದು ಮೊಂಟೆವರ್ಡಿ ಹೆಮ್ಮೆಯಿಂದ ಬರೆದುಕೊಂಡ. ವಾದ್ಯಗಾರರಿಗೆ ಈ ಹುಚ್ಚು ಬಾರಿಸುವಿಕೆ ಮೊದಮೊದಲು ನಗೆಪಾಟಲಾಗಿ ಕಂಡಿತಂತೆ. ಇಂದು ಯಾವ ರಾಕ್ ಗಿಟಾರಿಸ್ಟ್ ಅದನ್ನು ಮಾಡುವುದಿಲ್ಲ ಹೇಳಿ.

1843ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಸಂಗೀತಗಾರ ವರ್ಡಿಯ ‘ಮೊದಲ ಕ್ರುಸೇಡಿಗೆ ಹೋದ ಲೊಂಬಾರ್ಡರು’ ಆಪೆರಾ ರಂಗಕ್ಕೆ ಬಂತು. ಅದರಲ್ಲೂ ಅಂತಿಯೋಕ್ ಇದೆ, ಕೊನೆಗೆ ಜೆರುಸಲೇಮ್ ಇದೆ. ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಮಿಲಾನಿನ ಜನಕ್ಕೆ ರಂಗದ ಮೇಲಿನ ಲೊಂಬಾರ್ಡರು ತಾವೇ ಅನ್ನಿಸಿತು. ಸಿಸಿಲಿಯ ಬೊಂಬೆಯಾಟದವರು ಲೋಹದ ಕವಚ ತೊಡಿಸಿದ ಬೊಂಬೆಗಳಿಂದ ಇದೇ ವೀರರ ಕಥೆಗಳನ್ನೂ ಬೀದಿಯ ಜನಕ್ಕೆ ತಲುಪಿಸಿದರು. ಹೀಗೆ ಎಲ್ಲರೂ ಜೆರುಸಲೇಮಿಗೆ ಹೋದವರೇ. ಅಂಥ ಮನೆಯಲ್ಲಿ ಬೆಳೆದು, ಅದೇ ಕಥೆ ಎತ್ತಿಕೊಂಡು, ಗುರಿಯ ಹೆಸರೇ ಬಾರದಂತೆ ಹಾಡು ಜೋಡಿಸುವುದು ಸಣ್ಣ ನಿರ್ಧಾರವಲ್ಲ.

ಈ ಆಲ್ಬಂನಂತೆ ಒಂದೇ ಕಥೆಯನ್ನೋ ಒಂದೇ ವಸ್ತುವನ್ನೋ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಹಿಡಿದುಕೊಂಡು ಹೋಗುವುದಕ್ಕೆ ಕಾನ್ಸೆಪ್ಟ್ ಆಲ್ಬಂ ಎನ್ನುತ್ತಾರೆ. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಪ್ರೋಗ್ರೆಸಿವ್ ರಾಕ್‌ಗೆ ಇದು ಜೀವಾಳ. ಮೂರು ನಿಮಿಷದ ಪ್ರೇಮಗೀತೆ ಸಾಕೆನಿಸಿದವರು ಹಾಡನ್ನು ಇಪ್ಪತ್ತು ನಿಮಿಷಕ್ಕೆ ಎಳೆದರು, ಜಾಝ್ ಮತ್ತು ಶಾಸ್ತ್ರೀಯ ಸಂಗೀತವನ್ನು ಬೆರೆಸಿದರು, ನಾಲ್ಕರ ಎಣಿಕೆ ಬಿಟ್ಟು ಐದು, ಏಳರ ಎಣಿಕೆಗೆ ಹೋದರು. ಖಂಡಛಾಪು, ಮಿಶ್ರಛಾಪು ಕೇಳಿದ ನಮ್ಮ ಕಿವಿಗೆ ಇದರಲ್ಲಿ ಅಂಥ ಗಾಬರಿಯೇನಿಲ್ಲ. ಇಂಗ್ಲಿಷರ ಕಿವಿಗೆ ಅದು ಕ್ರಾಂತಿ. ಆದರೆ ಈ ತಂಡಗಳನ್ನು ಮೊದಲು ತಲೆಯ ಮೇಲೆ ಹೊತ್ತುಕೊಂಡದ್ದು ಇಟಲಿ. ವಾನ್ ಡರ್ ಗ್ರಾಫ್ ಜನರೇಟರ್ ಎಂಬ ಇಂಗ್ಲಿಷ್ ತಂಡದ ‘ಪಾನ್ ಹಾರ್ಟ್ಸ್’ ತವರಿನಲ್ಲಿ ಯಾರ ಗಮನಕ್ಕೂ ಬಾರದೆ 1972ರಲ್ಲಿ ಇಟಲಿಯಲ್ಲಿ ಮಾರಾಟದ ಮೊದಲ ಸ್ಥಾನಕ್ಕೇರಿತು. ಜೆನೆಸಿಸ್ ತಂಡಕ್ಕೂ ಮೊದಲ ಜಾತ್ರೆ ನೆರೆದದ್ದು ಇಟಲಿಯಲ್ಲೇ. ಆಪೆರಾ ಕೇಳಿ ಬೆಳೆದವರಿಗೆ, ವೇಷ ಹಾಕಿಕೊಂಡು ಅರ್ಧ ಗಂಟೆ ಕಥೆ ಹಾಡುವವನು ವಿಚಿತ್ರವಾಗಿ ಕಾಣಲಿಲ್ಲ.

ಇಂಗ್ರನಾಜ್ಜಿಯ ನೇರ ಹಿರಿಯರು ರೋಮ್‌ನವರೇ ಆದ ಬಾಂಕೊ ದೆಲ್ ಮುತುವೊ ಸೊಕ್ಕೊರ್ಸೊ. ನಾನು ಹೇಳಿದ ‘ನೆರವಿನ ಬ್ಯಾಂಕ್’ ಇವರೇ. ಇವರ ಮೊದಲ ಆಲ್ಬಂ 1972ರದ್ದು, ಹೊದಿಕೆ ಮಣ್ಣಿನ ದುಡ್ಡಿನ ಕುಡಿಕೆಯ ಆಕಾರದಲ್ಲಿತ್ತು. ಅದು ತೆರೆದುಕೊಳ್ಳುವುದೇ ಕವಿ ಅರಿಯೋಸ್ತೊನ ಕಾವ್ಯದಿಂದ ಬಂದ ವೀರ ಅಸ್ತೊಲ್ಫೊ ಮತ್ತು ಅವನ ರೆಕ್ಕೆಯ ಕುದುರೆಯಿಂದ. ಮುಂದಿನ ಹಾಡಿನಲ್ಲಿ ಯುದ್ಧ ಮುಗಿದ ಬಯಲು, ಮುರಿದ ಭರ್ಜಿಗಳು, ಸತ್ತ ಕುದುರೆಗಳು. ಬಾಂಕೊ ಅಲ್ಲೂ ಗೆದ್ದವನನ್ನು ಹಾಡಲಿಲ್ಲ. ಹಾಗಾಗಿ ನಲವತ್ತೊಂದು ವರ್ಷಗಳ ನಂತರದ ಹುಡುಗರು ಆಕಾಶದಿಂದ ಉದುರಿದವರಲ್ಲ. ಅವರ ಆಲ್ಬಂ ಬಂದ ಮರುವರ್ಷ, 2014ರ ಫೆಬ್ರುವರಿಯಲ್ಲಿ, ಬಾಂಕೊದ ಹಾಡುಗಾರ ಫ್ರಾಂಚೆಸ್ಕೊ ದಿ ಜಾಕೊಮೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಗಾತ್ರದ, ಆ ಗಡ್ಡದ, ಆ ಕಂಠದ ಇನ್ನೊಬ್ಬ ಇಟಲಿಗೆ ಸಿಕ್ಕಿಲ್ಲ.

‘ಇನ್ ಹೋಕ್ ಸಿನ್ಯೋ’ ಕೇಳಿದವರಿಗೆ 1970ರ ದಶಕ ಮೊದಲು ಹೊಡೆಯುವುದು ವಾದ್ಯಗಳಿಂದ. ಅದರಲ್ಲೂ ಮೆಲ್ಲೊಟ್ರಾನ್. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ತಯಾರಾದ ಈ ಪೆಟ್ಟಿಗೆ ನೋಡಲು ಹಾರ್ಮೋನಿಯಂನ ದೊಡ್ಡಣ್ಣ. ಒಳಗಿರುವುದು ಟೇಪ್ ರೆಕಾರ್ಡರ್. ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ನಿಜವಾದ ಪಿಟೀಲುಗಾರರೋ ಕೊಳಲಿನವರೋ ಮೇಳದ ಹಾಡುಗಾರರೋ ನುಡಿಸಿಟ್ಟ ಒಂದೇ ಸ್ವರ. ಮನೆ ಒತ್ತಿದರೆ ಟೇಪು ಓಡುತ್ತದೆ, ಸುಮಾರು ಎಂಟು ಸೆಕೆಂಡು. ಆಮೇಲೆ ಮೌನ. ಬೆರಳೆತ್ತಿದರೆ ಸ್ಪ್ರಿಂಗ್ ಅದನ್ನು ಸರ್ರೆಂದು ಹಿಂದಕ್ಕೆಳೆಯುತ್ತದೆ. ಟೇಪು ಸವೆಯುತ್ತದೆ, ಸೆಕೆಗೆ ಶ್ರುತಿ ಬಿಡುತ್ತದೆ, ಸಾಗಿಸುವಾಗ ಕೆಡುತ್ತದೆ. ಇಷ್ಟೆಲ್ಲ ಕಾಟ ಇದ್ದೂ ಅದರ ಮೇಳದ ದನಿಗೆ ಸಾಟಿಯಿಲ್ಲ, ಯಾವುದೋ ಹಳೆಯ ಚರ್ಚಿನ ಗೋಡೆಯಾಚೆಯಿಂದ ಜನ ಹಾಡುತ್ತಿರುವಂತೆ ಕೇಳುತ್ತದೆ. ಲಿಬೆರಾತಿ ಇದನ್ನೂ ಹ್ಯಾಮಂಡ್ ಆರ್ಗನ್ನನ್ನೂ ಮೂಗ್ ಸಿಂಥಸೈಸರನ್ನೂ ಒಟ್ಟೊಟ್ಟಿಗೆ ಹೂಡುತ್ತಾನೆ. ಬಣ್ಣ ಕೆಲವೊಮ್ಮೆ ಹೆಚ್ಚಾಗುತ್ತದೆ ಎಂದು ನನ್ನ ತಕರಾರು. ಅದಕ್ಕೆ ಅಂಕುಶ ಹಾಕುವುದು ಜೆನ್ನರಿನಿಯ ಪಿಟೀಲು. ‘ಕುದುರೆ ಸವಾರಿ’ಯಲ್ಲಿ ಆರ್ಗನ್ನಿನ ಗದ್ದಲವನ್ನು ಸೀಳಿಕೊಂಡು ಅದು ಮುಂದೆ ಹಾರಿದಾಗ, ಮೊಂಟೆವರ್ಡಿಯ ಕುದುರೆ ನಡಿಗೆ ಬಿಟ್ಟು ನಾಗಾಲೋಟಕ್ಕೆ ಬಿದ್ದಂತೆನಿಸುತ್ತದೆ.

ಕಡಲಿನ ಹಾಡಿನ ಹಿಂದೆ ಒಂದು ನಿಜ ಸಂಗತಿ ನೆನಪಿಗೆ ಬರುತ್ತದೆ. 1097ರ ಏಪ್ರಿಲ್‌ನಲ್ಲಿ ಇಟಲಿಯ ತುದಿಯ ಬ್ರಿಂಡಿಸಿ ಬಂದರಿನಲ್ಲಿ ಕ್ರುಸೇಡಿಗರನ್ನು ಹೊತ್ತ ಹಡಗೊಂದು ದಡ ಬಿಟ್ಟ ಕೂಡಲೇ ನಡುಮಧ್ಯೆ ಬಿರುಕು ಬಿಟ್ಟು ಮುಳುಗಿತು. ಸುಮಾರು 400 ಗಂಡಸರು, ಹೆಂಗಸರು ಸತ್ತರು. ಜೊತೆಗಿದ್ದ ಪಾದ್ರಿ ಫುಲ್ಚರ್ ಇದನ್ನು ಬರೆದಿಟ್ಟಿದ್ದಾನೆ. ಅವನ ಪ್ರಕಾರ ಬಿರುಗಾಳಿಯೇ ಇರಲಿಲ್ಲ, ಹಡಗು ಸುಮ್ಮನೆ ಒಡೆಯಿತು. ತೇಲಿಬಂದ ಕೆಲವು ಹೆಣಗಳ ಭುಜದ ಚರ್ಮದ ಮೇಲೆ ಶಿಲುಬೆಯ ಗುರುತು ಮೂಡಿತ್ತು ಎಂದೂ ಹೇಳುತ್ತಾನೆ. ಕಂಡ ಜನ ಅದನ್ನು ಪವಾಡ ಎಂದರು, ಕೆಲವರು ಹೆದರಿ ಮನೆಗೆ ವಾಪಸಾದರು. ಉಳಿದವರು ಆಚೆ ದಡದಲ್ಲಿಳಿದು ವಿಯಾ ಎಗ್ನಾಶಿಯಾ ಹಿಡಿದರು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ರೋಮನ್ನರು ಹಾಸಿದ ಕಲ್ಲಿನ ಹೆದ್ದಾರಿ ಅದು, ಇಂದಿನ ಅಲ್ಬೇನಿಯಾದ ಕಡಲಿನಿಂದ ಥೆಸಲೊನಿಕಿ ದಾಟಿ ಕಾನ್‌ಸ್ಟಾಂಟಿನೋಪಲ್‌ವರೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದೂರ.

ಅಂತಿಯೋಕ್‌ನ ಮುತ್ತಿಗೆ 1097ರ ಅಕ್ಟೋಬರ್‌ನಲ್ಲಿ ಶುರುವಾಗಿ ಮರುವರ್ಷದ ಜೂನ್‌ವರೆಗೆ ಎಳೆಯಿತು. ಆಲ್ಬಂ ಹೊರತಂದ ಬ್ಲ್ಯಾಕ್ ವಿಡೋ ರೆಕಾರ್ಡ್ಸ್ ಜಿನೋವಾ ಊರಿನದ್ದು. 1097ರ ನವೆಂಬರ್‌ನಲ್ಲಿ ಮುತ್ತಿಗೆ ಹಾಕಿದವರಿಗೆ 13 ಹಡಗುಗಳಲ್ಲಿ ಬಂದ ನೆರವನ್ನು ಕಳಿಸಿದ್ದೂ ಜಿನೋವಾವೇ. ಚಳಿಗಾಲದಲ್ಲಿ ಹೊರಗಿನವರು ಕುದುರೆಗಳನ್ನು ತಿಂದರು. ಕೊನೆಗೆ ಊರು ಬಿದ್ದದ್ದು ಶೌರ್ಯದಿಂದಲ್ಲ, ಬುರುಜಿನ ಕಾವಲುಗಾರ ಫಿರೂಜ್‌ನನ್ನು ಒಳಗೆ ಹಾಕಿಕೊಂಡು. ದಕ್ಷಿಣ ಇಟಲಿಯ ನಾರ್ಮನ್ ದೊರೆ ಬೊಹೆಮಂಡ್ ಈ ಒಳಸಂಚು ಹೂಡಿದ್ದ. ಒಳಗೆ ನುಗ್ಗಿದ ಕೆಲವೇ ದಿನಕ್ಕೆ ಮೊಸುಲ್‌ನ ಕೆರ್ಬೋಗ ದೊಡ್ಡ ದಂಡಿನೊಂದಿಗೆ ಬಂದು ಅವರನ್ನೇ ಮುತ್ತಿದ. ಮುತ್ತಿಗೆ ಹಾಕಿದವರು ಮುತ್ತಿಗೆಗೆ ಸಿಕ್ಕಿಬಿದ್ದರು. ಹಗ್ಗ ಕಟ್ಟಿ ಗೋಡೆ ಇಳಿದು ಓಡಿಹೋದವರೂ ಇದ್ದರು. ಬ್ಲ್ವಾದ ಕೌಂಟ್ ಸ್ಟೀಫನ್ ಊರು ಬೀಳುವ ಹಿಂದಿನ ದಿನವೇ ಕಾಲ್ಕಿತ್ತು ಮನೆ ಸೇರಿದ. ಹೆಂಡತಿ ಅದೇಲಾ ಅವನನ್ನು ಚುಚ್ಚಿ ಚುಚ್ಚಿ ಮತ್ತೆ ಪೂರ್ವಕ್ಕೆ ಅಟ್ಟಿದಳು, ಅಲ್ಲೇ ಸತ್ತ. ಪಲಾಯನದ ಹಾಡಿಗೆ ಬಂದಾಗಲೆಲ್ಲ ನನಗೆ ಈ ಪಾಪದ ಕೌಂಟ್ ನೆನಪಾಗುತ್ತಾನೆ. ವೀರಗಾಥೆಗಳು ಅವನನ್ನು ಹೇಡಿ ಎಂದು ಒಂದು ಸಾಲಿನಲ್ಲಿ ಮುಗಿಸಿವೆ. ಅಂತಿಯೋಕ್ ಈಗ ಟರ್ಕಿಯ ಅಂತಾಕ್ಯ. 2023ರ ಫೆಬ್ರುವರಿಯ ಭೂಕಂಪದಲ್ಲಿ ಅದರ ಬಹುಪಾಲು ನೆಲಸಮವಾಯಿತು.

ಇಲ್ಲಿಂದಾಚೆ ಸಂಗೀತದ ನಡೆಯೂ ಬದಲಾಗುತ್ತದೆ. ರಾಕ್‌ನ ಗುದ್ದು ಸಡಿಲಗೊಂಡು ಜಾಝ್‌ನ ಅಲೆದಾಟ ಬರುತ್ತದೆ, ಅರಬ್ ನಾಡಿನ ಸ್ವರಗಳು ಇಣುಕುತ್ತವೆ. ಯುರೋಪಿನ ಹುಡುಗರು ‘ಪೂರ್ವ’ವನ್ನು ನುಡಿಸಹೊರಟರೆ ಹೋಟೆಲಿನ ಬೆಲ್ಲಿ ಡ್ಯಾನ್ಸ್ ಆಗಿಬಿಡುವ ಅಪಾಯವಿರುತ್ತದೆ, ಒಂದೆರಡು ಕಡೆ ಇವರೂ ಅದರ ಅಂಚಿಗೆ ಹೋಗಿ ಬರುತ್ತಾರೆ. ‘ಕಾಲದ ಗಾಳಿ’ಯ ಹೊತ್ತಿಗೆ ಆಲ್ಬಂ ತುಸು ಉದ್ದವಾಯಿತೆಂದೂ ಅನ್ನಿಸುತ್ತದೆ. ಎಲ್.ಪಿ. ತಟ್ಟೆಯ ಕಾಲದಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷದ ಮಿತಿ ಇತ್ತು, ಸಿ.ಡಿ. ಬಂದು ಆ ಶಿಸ್ತನ್ನು ಕೆಡಿಸಿತು. ಮೂರು ವರ್ಷದ ನಂತರ, 2016ರಲ್ಲಿ, ಬೇರೆ ಹಾಡುಗಾರನೊಂದಿಗೆ ಬಂದ ಎರಡನೆಯ ಆಲ್ಬಂ ‘ವಾರ್ಮ್ ಸ್ಪೇಸ್ಡ್ ಬ್ಲೂ’ ಇದಕ್ಕಿಂತ ಗಟ್ಟಿ, ಕತ್ತಲೆ. ಅದು ಅಮೆರಿಕದ ಭಯಾನಕ ಕಥೆಗಾರ ಲವ್‌ಕ್ರಾಫ್ಟ್‌ನ ಲೋಕ. ಕೈಪಳಗಿದ ಕೆಲಸ ಬೇಕೆಂದರೆ ಅದು. ನನಗೆ ಮಾತ್ರ ಮೊದಲನೆಯದರ ದುಂದುಗಾರಿಕೆಯೇ ಇಷ್ಟ.

ಮತ್ತೆ ಆ ಹಾಡುಪಟ್ಟಿಗೆ ಬರೋಣ: ಅಮ್ಮಾನ್, ಕೈರುವಾನ್, ಮಸ್ಕತ್, ಜಂಗಲ. ಕೈರುವಾನ್ ಇರುವುದು ಟ್ಯುನೀಶಿಯದಲ್ಲಿ. ಒಂಟೆ ಸಾಲಿಗೆ ಹೇಳುವ ಪರ್ಷಿಯನ್ ‘ಕಾರವಾನ್’ ಪದದಿಂದಲೇ ಊರಿಗೆ ಆ ಹೆಸರು. ಭೂಪಟದಲ್ಲಿ ಬೆರಳಿಟ್ಟರೆ ಇದು ಅಡ್ಡಾದಿಡ್ಡಿ ದಾರಿ, ಕಥೆಗಾರರ ಕಲ್ಪನೆ ಎಂದು ಬಿಟ್ಟುಬಿಡಬಹುದು. ಆದರೆ ಆ ಕಾಲದಲ್ಲಿ ಟ್ಯುನೀಶಿಯದಿಂದ ನಮ್ಮ ಕರಾವಳಿಗೆ ಬಂದು ನೆಲೆಸಿದವನೊಬ್ಬ ನಿಜವಾಗಿಯೂ ಇದ್ದ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ, ಕೈರುವಾನ್ ಸೀಮೆಯ ಕಡಲ ಊರಾದ ಮಹ್ದಿಯಾದವನು. ಈಜಿಪ್ಟ್, ಏಡನ್ ದಾಟಿ 1132ರ ಹೊತ್ತಿಗೆ ಮಂಗಳೂರಿಗೆ ಬಂದು ಹೆಚ್ಚುಕಡಿಮೆ ಹದಿನೇಳು ವರ್ಷ ಅಲ್ಲಿದ್ದ. ಅಶು ಎಂಬವಳನ್ನು ಮದುವೆಯಾದ, ಬೊಮ್ಮ ಎಂಬ ಆಳನ್ನು ವ್ಯಾಪಾರಕ್ಕೆಂದು ಏಡನ್‌ಗೆ ಕಳಿಸುತ್ತಿದ್ದ. ಕೈರೋದ ಹಳೆಯ ಸಿನಗಾಗ್‌ನಲ್ಲಿ ಸಿಕ್ಕ ಅವನ ಪತ್ರಗಳ ಬೆನ್ನು ಹತ್ತಿ ಅಮಿತಾವ್ ಘೋಷ್ 1992ರಲ್ಲಿ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಬರೆದರು. 1148ರಲ್ಲಿ ಸಿಸಿಲಿಯ ನಾರ್ಮನ್ ರಾಜ ರೋಜರ್ ಮಹ್ದಿಯಾವನ್ನು ಹಿಡಿದಾಗ ಬೆನ್ ಯಿಜುವಿನ ಒಡಹುಟ್ಟಿದವರು ಊರು ಬಿಟ್ಟು ಸಿಸಿಲಿ ಸೇರಬೇಕಾಯಿತು. ಬೊಹೆಮಂಡ್ ಈ ರೋಜರ್‌ನ ಮನೆತನದವನೇ. ಅಂದರೆ ಒಂದೇ ಮನೆತನ ಅಂತಿಯೋಕನ್ನೂ ಹಿಡಿಯಿತು, ಮಂಗಳೂರಿನ ವ್ಯಾಪಾರಿಯ ಅಣ್ಣತಮ್ಮಂದಿರನ್ನೂ ದಿಕ್ಕಾಪಾಲು ಮಾಡಿತು.

ಇನ್ನು ‘ಜಂಗಲ’. ಇಟಾಲಿಯನ್‌ನಲ್ಲಿ ಕಾಡಿಗೆ ‘ಜುಂಗ್ಲಾ’ ಎಂಬ ಪದ ಸಿದ್ಧವಾಗಿದೆ, ಇಂಗ್ಲಿಷಿನಿಂದ ಬಂದದ್ದು. ಹುಡುಗರು ಅದನ್ನು ಬಿಟ್ಟು, ಅದರ ಅಜ್ಜನಂತಿರುವ ಸಂಸ್ಕೃತ ರೂಪ ಹುಡುಕಿ ತಂದಿದ್ದಾರೆ. ಆದರೆ ಆ ಅಜ್ಜನ ಅರ್ಥ ಬೇರೆ. ಆಯುರ್ವೇದದ ಗ್ರಂಥಗಳು ನೆಲವನ್ನು ಆನೂಪ, ಜಾಂಗಲ ಮುಂತಾಗಿ ವಿಂಗಡಿಸುತ್ತವೆ. ಆನೂಪವೆಂದರೆ ನೀರು ನಿಲ್ಲುವ ಜೌಗು. ಜಾಂಗಲವೆಂದರೆ ಬಯಲು, ಬಿಸಿಲು, ಕುರುಚಲು ಗಿಡ, ಕೃಷ್ಣಮೃಗ. ಮಹಾಭಾರತದ ಕುರುಜಾಂಗಲವೂ ದಟ್ಟ ಕಾಡಲ್ಲ. ಒಣನೆಲದ ಪದ ಪರ್ಷಿಯನ್, ಹಿಂದೂಸ್ತಾನಿಗಳ ಬಾಯಲ್ಲಿ ಉರುಳಿ, ಇಂಗ್ಲಿಷರ ಕೈಗೆ ಸಿಕ್ಕುವಷ್ಟರಲ್ಲಿ ಹುಲಿಗಳ ಹೆಗ್ಗಾಡಾಗಿಬಿಟ್ಟಿತ್ತು.

ಹಾಡಿನಲ್ಲಿ ತಂಡದವರು ಕಂಡದ್ದು ಹೆಗ್ಗಾಡನ್ನೇ ಇರಬೇಕು. ನಾನು ಕೇಳುವಾಗ ಮಾತ್ರ ಆ ದಾರಿ ತಪ್ಪಿದ ಸವಾರ ಬಂದಿಳಿಯುವುದು ನಮ್ಮ ಬಯಲುಸೀಮೆಯ ಯಾವುದೋ ಜಾಲಿಗಿಡಗಳ ನಡುವೆ. ಭುಜದ ಬಟ್ಟೆ ಹರಿದಿರುತ್ತದೆ. ಹಗ್ಗ ಹಿಡಿದು ಮುಂದೆ ಮುಂದೆ ನಡೆಯುತ್ತಿರುತ್ತಾನೆ, ಕುದುರೆಗೆ ನೀರು ಹುಡುಕಿಕೊಂಡು.